ಒಂದು ಡ್ರಮ್ಮು ಬೋರ್ಡೋದಲ್ಲಿ ಎಷ್ಟು ಬಗೆಯ ರಾಸಾಯನಿಕ ಕ್ರಿಯೆ?

ಹತ್ತನೇ ತರಗತಿಯ ವಿಜ್ಞಾನದಲ್ಲಿ ರಾಸಾಯನಿಕ ಕ್ರಿಯೆಗಳ ಹೆಸರುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ, ಉತ್ಕರ್ಷಣ, ಅಪಕರ್ಷಣ. ನಡುನಡುವೆ ಬಹಿರುಷ್ಣಕ, ಅಂತರುಷ್ಣಕ. ಮಕ್ಕಳು ಇವನ್ನು ಗೋಡೆಯ ಗೂಡುಗಳ ಹಾಗೆ ತಿಳಿದುಕೊಳ್ಳುತ್ತಾರೆ: ಒಂದು ಕ್ರಿಯೆಗೆ ಒಂದೇ ಗೂಡು. ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ದು ಯಾವ ಬಗೆ ಎಂದು ಕೇಳಿ. ಒಬ್ಬ 'ಸಂಯೋಗ' ಅನ್ನುತ್ತಾನೆ, ಪಕ್ಕದವಳು 'ಬಹಿರುಷ್ಣಕ' ಅನ್ನುತ್ತಾಳೆ, ಅಲ್ಲಿಗೆ ಜಗಳ ಶುರು. ಇಬ್ಬರ ಉತ್ತರವೂ ಸರಿ, ಏಕೆಂದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ.

ಪ್ರಶ್ನೆಗಳು ಮೂರು. ಯಾರು ಯಾರ ಜೊತೆ ಸೇರಿದರು, ಯಾರು ಯಾರನ್ನು ಬಿಟ್ಟರು ಎಂಬುದು ಮೊದಲನೆಯದು. ಸಂಯೋಗದಿಂದ ದ್ವಿಸ್ಥಾನಪಲ್ಲಟದವರೆಗಿನ ನಾಲ್ಕು ಹೆಸರು ಇದಕ್ಕೆ ಉತ್ತರ. ಎಲೆಕ್ಟ್ರಾನು ಕೈ ಬದಲಾಯಿಸಿತೇ ಎಂಬುದು ಎರಡನೆಯದು. ಉತ್ಕರ್ಷಣ-ಅಪಕರ್ಷಣ, ಎರಡೂ ಸೇರಿ ರೆಡಾಕ್ಸ್, ಇದರ ಉತ್ತರ. ಶಾಖ ಹೊರಗೆ ಬಂತೇ, ಒಳಗೆ ಹೋಯಿತೇ ಎಂಬುದು ಮೂರನೆಯದು. ಪುಸ್ತಕದಲ್ಲಿ ಎಲ್ಲ ಹೆಸರೂ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಪ್ರಶ್ನೆ ಮೂರು ಎಂಬುದೇ ಮರೆತುಹೋಗುತ್ತದೆ.

ಇದನ್ನು ತೋರಿಸಿಕೊಡಲು ಪ್ರಯೋಗಾಲಯಕ್ಕಿಂತ ಒಳ್ಳೆಯ ಜಾಗ ಅಡಿಕೆ ತೋಟ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮೇ ಕೊನೆಗೆ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ, ನೀರು, ಡ್ರಮ್ಮು ಎಲ್ಲ ಒಂದೆಡೆ ಸೇರುತ್ತವೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ತಯಾರಿಯಲ್ಲಿ ಪಾಠದ ನಾಲ್ಕೂ ಬಗೆ ಬರುತ್ತವೆ. ಬೋರ್ಡೋ ಕೆಟ್ಟರೆ ಅದಕ್ಕೂ ಇವುಗಳಲ್ಲೇ ಒಂದು ಕಾರಣವಾಗಿರುತ್ತದೆ.

ಹೆಸರಿನ ಮೂಲ ಫ್ರಾನ್ಸಿನ ಬೋರ್ಡೋ. ಅಲ್ಲಿನ ಮೆಡೋಕ್ ಪ್ರದೇಶದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನದಿರಲಿ ಎಂದು ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರು ಚಿಮುಕಿಸುತ್ತಿದ್ದರು. ಹಾಗೆ ಚಿಮುಕಿಸಿದ ಬಳ್ಳಿಗಳಿಗೆ ಬೂಜುರೋಗ ತಗಲದೆ ಇದ್ದದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ 1882ರಲ್ಲಿ ಗಮನಿಸಿದರು. ರಸಾಯನಶಾಸ್ತ್ರಜ್ಞ ಗೇಯೋನ್ ಜೊತೆ ಸೇರಿ ಪ್ರಮಾಣ ಗೊತ್ತುಮಾಡಿ 1885ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋವನ್ನು ತೋಟಗಳಿಗೆ ತಂದ ಕೀರ್ತಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರದು. ಅದು 20ನೇ ಶತಮಾನದ ಮೊದಲ ದಶಕಗಳ ಮಾತು. ಇಂದು ನಡೆಯುತ್ತಿರುವ ಪಾಕ ಇದು: 1 ಕೆಜಿ ಮೈಲುತುತ್ತ, 1 ಕೆಜಿ ಸುಟ್ಟ ಸುಣ್ಣ, 100 ಲೀಟರ್ ನೀರು. ಇದೇ ಶೇ 1ರ ಬೋರ್ಡೋ.

ಸುಣ್ಣದ ಗೂಡಿನಲ್ಲಿ

ಸುಣ್ಣ ಚೀಲದಲ್ಲಿ ತೋಟಕ್ಕೆ ಬರುವ ಮೊದಲೇ ಒಂದು ಕ್ರಿಯೆ ಮುಗಿದಿರುತ್ತದೆ. ಸುಣ್ಣಕಲ್ಲಾಗಲಿ, ಕರಾವಳಿಯ ಚಿಪ್ಪಾಗಲಿ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟಾಗ ಅದು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಒಂದು ವಸ್ತು ಎರಡಾಯಿತು, ಹಾಗಾಗಿ ವಿಭಜನೆ. ಪ್ರತಿ ಮೋಲ್‌ಗೆ (ಅಂದರೆ 100 ಗ್ರಾಂ ಸುಣ್ಣಕಲ್ಲಿಗೆ) ಸುಮಾರು 178 ಕಿಲೋಜೂಲ್ ಶಾಖವನ್ನು ಒಳಗೆಳೆದುಕೊಳ್ಳುವುದರಿಂದ ಅಂತರುಷ್ಣಕ. ಎಲೆಕ್ಟ್ರಾನಿನ ಕೊಡು-ಕೊಳ್ಳು ಇಲ್ಲಿಲ್ಲ. ಕ್ಯಾಲ್ಸಿಯಂನ ಉತ್ಕರ್ಷಣ ಸಂಖ್ಯೆ ಮೊದಲೂ +2, ಆಮೇಲೂ +2. ತೂಕದ ಲೆಕ್ಕವನ್ನೂ ನೋಡಿಬಿಡಿ: ಶುದ್ಧವಾದ 1 ಕೆಜಿ ಸುಣ್ಣಕಲ್ಲಿನಿಂದ ಸಿಗುವುದು 560 ಗ್ರಾಂ ಸುಟ್ಟ ಸುಣ್ಣ, ಉಳಿದ 440 ಗ್ರಾಂ ಅನಿಲವಾಗಿ ಹೋಗುತ್ತದೆ. ಸರಿಯಾಗಿ ಸುಟ್ಟ ಹರಳು ಕೈಗೆತ್ತಿಕೊಂಡರೆ ಗಾತ್ರಕ್ಕೆ ತಕ್ಕ ಭಾರವಿಲ್ಲದೆ ಹಗುರ ಅನಿಸುವುದು ಇದಕ್ಕೇ. ಭಾರವಾಗಿದ್ದರೆ ನಡುವಿನ ತಿರುಳು ಬೆಂದಿಲ್ಲ, ಇನ್ನೂ ಕಲ್ಲೇ ಎಂದು ತಿಳಿಯಿರಿ. ಅದು ನೀರಿನಲ್ಲಿ ಅರಳುವುದಿಲ್ಲ, ಸ್ಪ್ರೇಯರಿನ ನಾಜಲ್‌ಗೆ ಸಿಕ್ಕಿ ತೊಂದರೆ ಕೊಡುತ್ತದೆ.

ವಿಭಜನೆಯಲ್ಲಿ ಉತ್ಕರ್ಷಣ-ಅಪಕರ್ಷಣ ಇರುವುದೇ ಇಲ್ಲ ಎಂದುಕೊಳ್ಳಬೇಡಿ. ಶಾಲೆಯಲ್ಲಿ ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟನ್ನು, ಕಾಯಿಸಿ ತೋರಿಸುತ್ತಾರಲ್ಲ, ಅದೂ ವಿಭಜನೆಯೇ. ಆದರೆ ಅಲ್ಲಿ ಕಬ್ಬಿಣ +2ರಿಂದ +3ಕ್ಕೆ ಏರುತ್ತದೆ, ಗಂಧಕದ ಅರ್ಧ ಭಾಗ +6ರಿಂದ +4ಕ್ಕೆ ಇಳಿಯುತ್ತದೆ. ಹಸಿರು ಹರಳು ಮೊದಲು ನೀರು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಆಮೇಲೆ ಕೆಂಪು-ಕಂದು ಫೆರಿಕ್ ಆಕ್ಸೈಡ್ ಉಳಿಯುತ್ತದೆ. ಸಲ್ಫರ್ ಡೈಆಕ್ಸೈಡ್ ಮತ್ತು ಸಲ್ಫರ್ ಟ್ರೈಆಕ್ಸೈಡ್ ಹೊರಬಂದು ಗಂಧಕ ಸುಟ್ಟ ಘಾಟು ಬರುತ್ತದೆ. ಈ ಪ್ರಯೋಗಕ್ಕೆ ಒಣಗಿದ ಪ್ರನಾಳ, 2 ಗ್ರಾಂ ಹರಳು ಸಾಕು. ಪ್ರನಾಳದ ಬಾಯಿಯನ್ನು ತುಸು ಕೆಳಕ್ಕೆ ಬಾಗಿಸಿ ಹಿಡಿಯಿರಿ. ಮೇಲ್ಮುಖವಾಗಿ ಹಿಡಿದರೆ ಬಾಯಿಯ ಹತ್ತಿರ ತಣಿದ ನೀರಿನ ಹನಿ ಜಾರಿ ಬಿಸಿ ಗಾಜಿನ ಮೇಲೆ ಬೀಳುತ್ತದೆ, ಗಾಜು ಚಟ್ಟೆಂದು ಬಿರಿಯುತ್ತದೆ. ಮೂಗನ್ನು ಹತ್ತಿರ ಒಯ್ಯದೆ ಕೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡಬೇಕು.

ಸುಣ್ಣ ಅರಳಿಸುವುದು

ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಹರಳು ಬಿರಿದು, ಉಬ್ಬಿ, ಬುಸುಗುಟ್ಟುತ್ತ ಪುಡಿಯಾಗುತ್ತದೆ. ಇದಕ್ಕೆ 'ಅರಳುವುದು' ಎಂದು ಹೆಸರಿಟ್ಟವರು ಯಾರೋ, ಪಾಠದ ಭಾಷೆಗಿಂತ ಚೆನ್ನಾಗಿ ಹೇಳಿದ್ದಾರೆ.

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಶಾಖ

ಎರಡು ಸೇರಿ ಒಂದಾಯಿತು, ಸಂಯೋಗ. ಶಾಖ ಬಂತು, ಬಹಿರುಷ್ಣಕ. ಎಲೆಕ್ಟ್ರಾನು ಕದಲಲಿಲ್ಲ, ಹಾಗಾಗಿ ರೆಡಾಕ್ಸ್ ಅಲ್ಲ. ಮೆಗ್ನೀಸಿಯಂ ಪಟ್ಟಿ ಉರಿದು ಬಿಳಿ ಬೂದಿಯಾಗುವುದೂ ಸಂಯೋಗ ಮತ್ತು ಬಹಿರುಷ್ಣಕ. ಆದರೆ ಅಲ್ಲಿ ಮೆಗ್ನೀಸಿಯಂ ಎರಡು ಎಲೆಕ್ಟ್ರಾನು ಬಿಟ್ಟುಕೊಡುತ್ತದೆ, ಆದ್ದರಿಂದ ರೆಡಾಕ್ಸ್ ಕೂಡ. ಮೊದಲ ಪ್ರಶ್ನೆಗೂ ಮೂರನೆಯ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟ ಎರಡು ಕ್ರಿಯೆಗಳು ಎರಡನೆಯದರಲ್ಲಿ ಬೇರೆಯಾದವು.

ಶಾಖ ಎಷ್ಟು? ಪ್ರತಿ ಮೋಲ್‌ಗೆ ಸುಮಾರು 65 ಕಿಲೋಜೂಲ್. 1 ಕೆಜಿ ಶುದ್ಧ ಸುಟ್ಟ ಸುಣ್ಣದಲ್ಲಿ ಸುಮಾರು 17.8 ಮೋಲ್ ಇರುವುದರಿಂದ ಒಟ್ಟು 1,150 ಕಿಲೋಜೂಲಿನ ಆಸುಪಾಸು. 25 ಡಿಗ್ರಿಯ ಮೂರೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಕ್ರಿಯೆಗೆ ನಿಜವಾಗಿ ಬೇಕಾದ ನೀರು 320 ಗ್ರಾಂ ಮಾತ್ರ. ಉಳಿದದ್ದು ಶಾಖ ಹೀರಲಿಕ್ಕೆ, ಹಾಲಾಗಿಸಲಿಕ್ಕೆ.

ಇಲ್ಲಿ ತಪ್ಪು ಎರಡು ಕಡೆಯಿಂದಲೂ ಆಗುತ್ತದೆ. ನೀರು ತೀರಾ ಕಡಿಮೆಯಾದರೆ ಬಿಸಿ ವಿಪರೀತ ಏರಿ ಸುಣ್ಣ ಸಿಡಿಯುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಒಳಗಡೆ ಗಂಟುಗಂಟಾಗಿ ಅರಳದೆ ಉಳಿಯುತ್ತದೆ. ತಣ್ಣೀರನ್ನು ಒಂದೇ ಸಲ ಕೊಡಗಟ್ಟಲೆ ಸುರಿದರೆ ಬಿಸಿಯೇ ಏರುವುದಿಲ್ಲ. ಹರಳಿನ ಮೇಲ್ಮೈ ಅರಳಿ ಕೆಸರಿನ ಪದರ ಕಟ್ಟಿಕೊಂಡು ಒಳಗಿನದಕ್ಕೆ ನೀರು ಮುಟ್ಟಲು ಬಿಡುವುದಿಲ್ಲ. ಸರಿಯಾದ ಕ್ರಮ ಹೀಗೆ: ಅಗಲ ಬಾಯಿಯ ಪಾತ್ರೆಯಲ್ಲಿ ಹರಳು ಹರಡಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ಬಿರಿಯಲು ಬಿಡಿ. ಹೊಗೆಯಾಡುವುದು ನಿಂತ ಮೇಲೆ ಇನ್ನಷ್ಟು ನೀರು ಹಾಕಿ ಕಲಕಿ, 50 ಲೀಟರಿಗೆ ತಂದು, ಗೋಣಿಯಲ್ಲೋ ತೆಳು ಬಟ್ಟೆಯಲ್ಲೋ ಸೋಸಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಸುಣ್ಣ ಕಣ್ಣಿಗೆ ಸಿಡಿದರೆ ಸುಡುವುದಷ್ಟೇ ಅಲ್ಲ, ಕ್ಷಾರವಾಗಿ ಒಳಗಿಳಿದು ಕೊರೆಯುತ್ತದೆ. ಕೂಡಲೇ ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಹೋಗಬೇಕು. ನಿಂಬೆರಸ ಹಾಕಿ 'ಸಮ ಮಾಡುವ' ಬುದ್ಧಿವಂತಿಕೆ ಬೇಡ.

ಈ 50 ಲೀಟರ್ ಹಾಲಿನಲ್ಲಿ ಕರಗಿರುವ ಸುಣ್ಣ ಎಷ್ಟು ಗೊತ್ತೇ? ಕೋಣೆಯ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 1.7 ಗ್ರಾಂ, ಅಂದರೆ ಒಟ್ಟು 85 ಗ್ರಾಂ. 1 ಕೆಜಿ ಸುಟ್ಟ ಸುಣ್ಣ ಅರಳಿ 1.32 ಕೆಜಿ ಆಗಿರುತ್ತದೆ. ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಬರಿಯ ತೇಲುವ ಕಣ. ಕಲಕುವುದು ನಿಲ್ಲಿಸಿದರೆ ತಳಕ್ಕೆ ಕೂರುತ್ತದೆ. ಅಂಗಡಿಯ ಪ್ಯಾಕೆಟ್ಟಿನ ಅರಳಿದ ಸುಣ್ಣದ ಪುಡಿ ಬಳಸುವವರು 1 ಕೆಜಿ ಬದಲು 1.3 ಕೆಜಿ ತೂಗಬೇಕಾದದ್ದೂ ಈ ಲೆಕ್ಕದಿಂದಲೇ.

ಹಳೆಯ ಸುಣ್ಣದ ಕಥೆ ಬೇರೆ. ಬಾಯಿ ಕಟ್ಟದೆ ಇಟ್ಟ ಚೀಲ ಗಾಳಿಯ ತೇವ ಹೀರಿ ತಾನಾಗಿಯೇ ಅರಳುತ್ತದೆ, ಆಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೂಡಿನಲ್ಲಿ ಬಿಡಿಸಿದ್ದು ಚೀಲದಲ್ಲಿ ಮತ್ತೆ ಸೇರಿಕೊಂಡಿತು. ನೀರು ಹಾಕಿದರೆ ಬಿಸಿಯಾಗದಿದ್ದರೆ ಅನುಮಾನಪಡಿ. ಒಂದು ಚಿಟಿಕೆ ಪುಡಿಗೆ ವಿನೆಗರ್ ಅಥವಾ ನಿಂಬೆರಸ ಹನಿಸಿ. ನೊರೆನೊರೆಯಾಗಿ ಉಕ್ಕಿದರೆ ಅದು ಸುಣ್ಣವಲ್ಲ, ಸುಣ್ಣಕಲ್ಲಿನ ಪುಡಿ. ಹೊಸ ಸುಣ್ಣ ಆಮ್ಲದಲ್ಲಿ ಕರಗುತ್ತದೆಯೇ ಹೊರತು ಉಕ್ಕುವುದಿಲ್ಲ. ಆ ನೊರೆಯ ಹಿಂದೆ ಎರಡು ಹೆಜ್ಜೆಗಳಿವೆ: ಆಮ್ಲ ಮತ್ತು ಕಾರ್ಬೊನೇಟ್ ಜೊತೆಗಾರರನ್ನು ಅದಲುಬದಲು ಮಾಡಿಕೊಂಡು ಕಾರ್ಬೊನಿಕ್ ಆಮ್ಲ ಹುಟ್ಟುತ್ತದೆ, ಅದು ನಿಲ್ಲದೆ ನೀರು ಮತ್ತು ಅನಿಲವಾಗಿ ಒಡೆಯುತ್ತದೆ. ದ್ವಿಸ್ಥಾನಪಲ್ಲಟದ ಹಿಂದೆಯೇ ವಿಭಜನೆ.

ಮೈಲುತುತ್ತ

ನೀಲಿ ಹರಳಿನಲ್ಲಿ ಕಾಪರ್ ಸಲ್ಫೇಟಿನ ಪ್ರತಿ ಘಟಕಕ್ಕೆ ಐದು ನೀರಿನ ಅಣುಗಳು ಅಂಟಿಕೊಂಡಿವೆ. ತೂಕದಲ್ಲಿ ಶೇ 36 ನೀರು, ಶೇ 25.5ರಷ್ಟು ತಾಮ್ರ. ಹೀಗಾಗಿ ಶೇ 1ರ ಬೋರ್ಡೋದ 100 ಲೀಟರಿನಲ್ಲಿ ಇರುವ ತಾಮ್ರ ಕೇವಲ 255 ಗ್ರಾಂ. ಒಣ ಪ್ರನಾಳದಲ್ಲಿ ಕಾಯಿಸಿದರೆ ನೀಲಿ ಹೋಗಿ ಬೂದು-ಬಿಳಿ ಪುಡಿ ಉಳಿಯುತ್ತದೆ. ಒಂದು ಹನಿ ನೀರು ಹಾಕಿದರೆ ಮತ್ತೆ ನೀಲಿ, ಜೊತೆಗೆ ಬಿಸಿ. ಕಾಯಿಸಿದ್ದು ಅಂತರುಷ್ಣಕ ವಿಭಜನೆ, ನೀರು ಹಾಕಿದ್ದು ಬಹಿರುಷ್ಣಕ ಸಂಯೋಗ. ಹೆಚ್ಚು ಕಾಯಿಸಬೇಡಿ, ಬಿಳಿ ಬಂದ ಮೇಲೂ ಉರಿ ಹಚ್ಚುತ್ತಲೇ ಹೋದರೆ ಸಲ್ಫೇಟೇ ಒಡೆದು ಕಪ್ಪು ಕಾಪರ್ ಆಕ್ಸೈಡ್ ಆಗುತ್ತದೆ, ಅದು ನೀರು ಹಾಕಿದರೆ ನೀಲಿಗೆ ಮರಳುವುದಿಲ್ಲ.

ಕರಗಿಸುವುದಕ್ಕೂ ಒಂದು ಕ್ರಮವಿದೆ. ಹರಳನ್ನು ಡ್ರಮ್ಮಿನ ತಳಕ್ಕೆ ಹಾಕಿದರೆ ಸುತ್ತಲಿನ ನೀರು ಗಾಢವಾಗಿ, ಭಾರವಾಗಿ ತಳದಲ್ಲೇ ನಿಂತುಬಿಡುತ್ತದೆ, ಮುಂದೆ ಕರಗುವುದೇ ಇಲ್ಲ. ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಮಟ್ಟಕ್ಕೆ ತಾಗುವಂತೆ ಹಿಂದಿನ ಸಂಜೆಯೇ ತೂಗುಹಾಕಿ. ಕರಗಿದ ಭಾರದ ದ್ರಾವಣ ತಾನಾಗಿ ಕೆಳಗಿಳಿಯುತ್ತದೆ, ತಿಳಿನೀರು ಮೇಲೆ ಬರುತ್ತದೆ, ಬೆಳಿಗ್ಗೆ ಗಂಟು ಖಾಲಿ.

ಎರಡನ್ನೂ ಕೂಡಿಸುವಾಗ

ಡ್ರಮ್ಮಿನ ಮುಖ್ಯ ಕೆಲಸ ಇಲ್ಲಿದೆ.

ಕಾಪರ್ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ಕಾಪರ್ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಎರಡು ಜೋಡಿ ಬಂದವು, ಜೊತೆಗಾರರನ್ನು ಬದಲಿಸಿಕೊಂಡು ಎರಡು ಜೋಡಿಯಾಗಿಯೇ ಹೊರಬಂದವು. ದ್ವಿಸ್ಥಾನಪಲ್ಲಟ. ತಾಮ್ರ ಮೊದಲೂ +2, ಆಮೇಲೂ +2, ರೆಡಾಕ್ಸ್ ಇಲ್ಲ.

ಎರಡು ಲವಣಗಳ ದ್ರಾವಣ ಬೆರೆಸಿದ ಮಾತ್ರಕ್ಕೆ ದ್ವಿಸ್ಥಾನಪಲ್ಲಟ ಆಗುವುದಿಲ್ಲ. ಅಡಿಗೆ ಉಪ್ಪಿನ ನೀರಿಗೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಹಾಕಿ ಎಷ್ಟು ಕಲಕಿದರೂ ನಾಲ್ಕು ಬಗೆಯ ಅಯಾನುಗಳು ನೀರಿನಲ್ಲಿ ಸುಮ್ಮನೆ ಅಲೆದಾಡುತ್ತಿರುತ್ತವೆ. ಯಾವುದಾದರೂ ಒಂದು ಜೋಡಿ ದ್ರಾವಣದಿಂದ ಹೊರಬೀಳಬೇಕು: ಪ್ರಕ್ಷೇಪವಾಗಿ, ಅನಿಲವಾಗಿ, ಇಲ್ಲವೇ ನೀರಾಗಿ. ಬೇರಿಯಂ ಕ್ಲೋರೈಡ್‌ಗೆ ಸೋಡಿಯಂ ಸಲ್ಫೇಟ್ ಹಾಕಿದರೆ ಬೇರಿಯಂ ಸಲ್ಫೇಟ್ ಬಿಳಿಯಾಗಿ ಬೀಳುವುದು ಪುಸ್ತಕದ ಉದಾಹರಣೆ. ಬೋರ್ಡೋದಲ್ಲಿ ಕಾಪರ್ ಹೈಡ್ರಾಕ್ಸೈಡ್ ನೀಲಿ ಲೋಳೆಯಾಗಿ ಬೀಳುತ್ತದೆ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ಲೀಟರಿಗೆ ಎರಡೂವರೆ ಗ್ರಾಂಗಿಂತ ಹೆಚ್ಚು ಕರಗುವುದಿಲ್ಲ. ಇಲ್ಲಿ ಹುಟ್ಟುವುದು 690 ಗ್ರಾಂ, ಹಾಗಾಗಿ ಅದರಲ್ಲೂ ಬಹುಪಾಲು ಕಣವಾಗಿಯೇ ಉಳಿಯುತ್ತದೆ. 'ಬೋರ್ಡೋ ದ್ರಾವಣ' ಎಂಬ ಹೆಸರು ಬಳಕೆಗೆ ಬಂದುಬಿಟ್ಟಿದೆ, ಆದರೆ ಅದು ದ್ರಾವಣವೇ ಅಲ್ಲ. ಸಿಂಪಡಿಸುವಾಗಲೂ ಕಲಕುತ್ತಲೇ ಇರಬೇಕು ಎನ್ನುವುದಕ್ಕೆ ಇಷ್ಟೇ ಕಾರಣ.

ಸಮೀಕರಣ ಚೆಂದವಾಗಿ ಸರಿದೂಗಿದೆ, ಆದರೆ ಡ್ರಮ್ಮಿನಲ್ಲಿ ಆಗುವುದು ಅಷ್ಟು ಸರಳವಲ್ಲ. ಸುಣ್ಣ ಕಡಿಮೆಯಿದ್ದಾಗ ತಾಮ್ರ ಪೂರ್ತಿ ಹೈಡ್ರಾಕ್ಸೈಡ್ ಆಗದೆ ಸಲ್ಫೇಟನ್ನೂ ಜೊತೆಗಿಟ್ಟುಕೊಂಡ ಹಸಿರು ಛಾಯೆಯ ಪ್ರತ್ಯಾಮ್ಲೀಯ ಲವಣಗಳಾಗಿ ಬೀಳುತ್ತದೆ. ಸುರಿಯುವ ಕ್ರಮ ಮುಖ್ಯವಾಗುವುದು ಈ ಕಾರಣಕ್ಕೆ. ಸುಣ್ಣದ ಹಾಲಿಗೆ ತುತ್ತದ ನೀರನ್ನು ಸಣ್ಣ ಧಾರೆಯಾಗಿ, ಕಲಕುತ್ತ ಸುರಿಯಬೇಕು. ಆಗ ತಾಮ್ರದ ಪ್ರತಿ ಹನಿಯೂ ಸುಣ್ಣದ ನಡುವೆ ಬೀಳುತ್ತದೆ, ನುಣುಪಾದ, ನಿಧಾನಕ್ಕೆ ಕೂರುವ ತಿಳಿನೀಲಿ ಲೋಳೆ ಬರುತ್ತದೆ. ತಿರುವುಮುರುವು ಮಾಡಿ ತುತ್ತಕ್ಕೆ ಸುಣ್ಣ ಸುರಿದರೆ ಮೊದಮೊದಲು ತಾಮ್ರವೇ ಹೆಚ್ಚು. ಕಣಗಳು ಒರಟಾಗಿ ಬೇಗ ತಳಕ್ಕಿಳಿಯುತ್ತವೆ, ಕಾಯಿಗೆ ಅಂಟುವುದೂ ಕಡಿಮೆ. ಎರಡನ್ನೂ ಹತ್ತು ಹತ್ತು ಲೀಟರಿನಲ್ಲಿ ಗಟ್ಟಿಯಾಗಿ ಬೆರೆಸಿ ಆಮೇಲೆ 80 ಲೀಟರ್ ನೀರು ತುಂಬಿಸುವ ಸುಲಭದ ದಾರಿಯೂ ಇದೇ ಪಾಡಿಗೆ ತರುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಹೊಡೆದು ಕಾಣುವಂಥದ್ದು: ಸುಣ್ಣ ಅರಳಿದ ಬಿಸಿ ಆರುವ ಮೊದಲೇ ತುತ್ತ ಸುರಿಯುವುದು. ನೀಲಿ ಬರುವ ಬದಲು ಬಣ್ಣ ಮಾಸಿ ಕಪ್ಪಿಗೆ ತಿರುಗುತ್ತದೆ. ಕಾಪರ್ ಹೈಡ್ರಾಕ್ಸೈಡ್ ಶಾಖಕ್ಕೆ ತಡೆಯದ ವಸ್ತು, ನೀರು ಬಿಟ್ಟು ಕಪ್ಪು ಕಾಪರ್ ಆಕ್ಸೈಡ್ ಆಗುತ್ತದೆ. ದ್ವಿಸ್ಥಾನಪಲ್ಲಟ ಮುಗಿಯುವಷ್ಟರಲ್ಲಿ ವಿಭಜನೆ ಬಂದು ಕೆಡಿಸಿತು. ಪ್ರನಾಳದಲ್ಲಿ ಇದನ್ನು ಬೇಕೆಂದೇ ಮಾಡಿ ತೋರಿಸಬಹುದು: ತುತ್ತದ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ನೀಲಿ ಪ್ರಕ್ಷೇಪ ಬರಿಸಿ, ಹಾಗೆಯೇ ಕಾಯಿಸಿ. ಕುದಿಯುವ ಮೊದಲೇ ಕಪ್ಪಾಗುತ್ತದೆ. ನೀರಿನೊಳಗೇ ನೀರು ಬಿಟ್ಟುಕೊಡುವ ಈ ವಿಚಿತ್ರವು ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಲೆಕ್ಕ ಗೊತ್ತಿರುವವರು ಈಗ ಒಂದು ಪ್ರಶ್ನೆ ಕೇಳಬೇಕು. 1 ಕೆಜಿ ಮೈಲುತುತ್ತ ಎಂದರೆ 4 ಮೋಲ್. ಅದಕ್ಕೆ ಸರಿಸಮ ಸುಟ್ಟ ಸುಣ್ಣ 4 ಮೋಲ್, ಬರಿಯ 224 ಗ್ರಾಂ. ನಾವು ಹಾಕುವುದು 1 ಕೆಜಿ, ನಾಲ್ಕು ಪಟ್ಟಿಗೂ ಮೇಲೆ. ಇಷ್ಟು ದುಂದು ಏಕೆ? ಕರಗಿದ ತಾಮ್ರದ ಅಯಾನು ಒಂದಿಷ್ಟು ಉಳಿದರೂ ಎಳೆ ಕಾಯಿ, ಎಲೆ ಸುಡುತ್ತವೆ. ಪೇಟೆಯ ಸುಣ್ಣ ಶುದ್ಧವಿರುವುದಿಲ್ಲ, ಗಂಟುಗಳ ಒಳಗಿನದು ಕ್ರಿಯೆಗೆ ಸಿಗುವುದೂ ಇಲ್ಲ. ಹೆಚ್ಚುವರಿ ಸುಣ್ಣ ಕಾಯಿಯ ಮೇಲೆ ಒಣಗುವಾಗ ಗೋಡೆಗೆ ಬಳಿದ ಸುಣ್ಣದ ಹಾಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಕಾರ್ಬೊನೇಟ್ ಪೊರೆ ಕಟ್ಟುತ್ತದೆ. ಮಳೆಗೆ ತೊಳೆದುಹೋಗದಂತೆ ತಾಮ್ರವನ್ನು ಹಿಡಿದಿಡುವುದರಲ್ಲಿ ಆ ಪೊರೆಯ ಪಾಲೂ ಇದೆ. ಮಳೆನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಅಲ್ಪಸ್ವಲ್ಪವಾಗಿ ತಾಮ್ರವನ್ನು ಬಿಡಿಸುತ್ತದೆ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಈಜುವ ಬೀಜಕಗಳನ್ನು ಕೊಲ್ಲಲು ಆ ಅಲ್ಪವೇ ಸಾಕು. ಆದರೆ ಸುಣ್ಣವನ್ನು ಇನ್ನೂ ಏರಿಸುತ್ತ ಹೋದರೆ ತಾಮ್ರ ಬಿಡುಗಡೆಯಾಗುವುದು ತಡವಾಗುತ್ತದೆ.

ಅಂದಹಾಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಮತ್ತು ನೀರಾಗುವ ಕ್ರಿಯೆ ನಾಲ್ಕರಲ್ಲಿ ಯಾವುದು? ಎರಡು ಬಂದು ಎರಡಾದವು, ಸಂಯೋಗವಲ್ಲ. ಧಾತು ಯಾವುದೂ ಬಿಡಿಯಾಗಿಲ್ಲ, ಸ್ಥಾನಪಲ್ಲಟವಲ್ಲ. ಜೋಡಿ ಬದಲಾವಣೆ ಎಂದರೆ ಕಾರ್ಬನ್ ಡೈಆಕ್ಸೈಡಿನಲ್ಲಿ ಬದಲಿಸಿಕೊಳ್ಳಲು ಅಯಾನುಗಳೇ ಇಲ್ಲ. ಅನಿಲ ಮೊದಲು ನೀರಿನಲ್ಲಿ ಕರಗಿ ಕಾರ್ಬೊನಿಕ್ ಆಮ್ಲವಾಗಿ, ಆಮ್ಲ-ಪ್ರತ್ಯಾಮ್ಲ ತಟಸ್ಥೀಕರಣ ಆಯಿತು ಎಂದು ಹೆಜ್ಜೆ ಬಿಡಿಸಿದರಷ್ಟೇ ಗೂಡಿಗೆ ಕೂರುತ್ತದೆ. ಗೂಡುಗಳು ನಾವು ಮಾಡಿದ್ದು. ಪರೀಕ್ಷೆಯಲ್ಲಿ ಇಂಥ ಕ್ರಿಯೆ ಕೊಟ್ಟು 'ಬಗೆ ಹೆಸರಿಸಿ' ಎನ್ನುವುದು ನನ್ನ ಲೆಕ್ಕದಲ್ಲಿ ಕೆಟ್ಟ ಪ್ರಶ್ನೆ.

ಚಾಕು ಅದ್ದಿ ನೋಡುವುದು

ಬೋರ್ಡೋ ಸರಿಯಾಗಿದೆಯೇ ಎಂದು ತಿಳಿಯಲು ತೋಟದಲ್ಲಿ ಪಿಎಚ್ ಕಾಗದ ಸಿಗದಿದ್ದರೂ ಚಾಕು ಸಿಗುತ್ತದೆ. ಹೊಳೆಯುವಂತೆ ಉಜ್ಜಿದ ಕಬ್ಬಿಣದ ಚಾಕುವನ್ನೋ ಕತ್ತಿಯನ್ನೋ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಕರಗಿದ ರೂಪದಲ್ಲಿ ಉಳಿದಿದೆ. ಸುಣ್ಣದ ಹಾಲು ಇನ್ನಷ್ಟು ಸೇರಿಸಿ, ಕಲಕಿ, ಅಲಗನ್ನು ಉಜ್ಜಿ ಮತ್ತೆ ಅದ್ದಿ.

ಕಬ್ಬಿಣ + ಕಾಪರ್ ಸಲ್ಫೇಟ್ → ಫೆರಸ್ ಸಲ್ಫೇಟ್ + ತಾಮ್ರ

ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ, ಅದನ್ನು ತಳ್ಳಿ ಜಾಗ ಹಿಡಿಯಿತು. ಸ್ಥಾನಪಲ್ಲಟ. ಕಬ್ಬಿಣ ಎರಡು ಎಲೆಕ್ಟ್ರಾನು ಬಿಟ್ಟಿತು, ತಾಮ್ರದ ಅಯಾನು ತೆಗೆದುಕೊಂಡಿತು, ಹಾಗಾಗಿ ರೆಡಾಕ್ಸ್. ಬಿಡಿ ಧಾತುವೊಂದು ಒಳಹೋಗಿ ಇನ್ನೊಂದು ಬಿಡಿ ಧಾತು ಹೊರಬರುವುದರಿಂದ ಪಾಠದ ಸ್ಥಾನಪಲ್ಲಟ ಕ್ರಿಯೆಗಳೆಲ್ಲ ರೆಡಾಕ್ಸೇ, ಬೇರೆ ದಾರಿಯೇ ಇಲ್ಲ. ದ್ವಿಸ್ಥಾನಪಲ್ಲಟದಲ್ಲಿ ಹಾಗಲ್ಲ, ಅಲ್ಲಿ ಅಯಾನುಗಳು ತಮ್ಮ ಆವೇಶವನ್ನು ಹೊತ್ತುಕೊಂಡೇ ಮನೆ ಬದಲಿಸುತ್ತವೆ. ಹೆಸರು ಅಣ್ಣ-ತಮ್ಮಂದಿರ ಹಾಗಿದ್ದರೂ ಎರಡಕ್ಕೂ ನೆಂಟಸ್ತಿಕೆಯಿಲ್ಲ.

ಇದೇ ಪ್ರಯೋಗ ಶಾಲೆಯಲ್ಲಿ ಮೊಳೆಗಳಿಂದ ಆಗುತ್ತದೆ: 10 ಮಿಲಿಲೀಟರ್ ತುತ್ತದ ದ್ರಾವಣ, ಎರಡು ಮೊಳೆ, 20 ನಿಮಿಷ. ನೀಲಿ ಮಾಸಿ ತಿಳಿಹಸಿರು ಬರಬೇಕು, ಮೊಳೆಗೆ ಕೆಂಗಂದು ಲೇಪ ಹತ್ತಬೇಕು. ಬಾರದಿದ್ದರೆ ಮೊದಲು ಮೊಳೆ ನೋಡಿ. ಅಂಗಡಿಯ ಹೊಸ ಮೊಳೆಗೆ ಎಣ್ಣೆ ಸವರಿರುತ್ತದೆ, ಹಳೆಯದಕ್ಕೆ ತುಕ್ಕು. ಎರಡನ್ನೂ ಮರಳುಕಾಗದದಿಂದ ಉಜ್ಜಿಯೇ ಬಳಸಬೇಕು. ದ್ರಾವಣ ತೀರಾ ಗಾಢವಾಗಿದ್ದರೆ 20 ನಿಮಿಷಕ್ಕೆ ನೀಲಿ ಮಾಸುವುದು ಕಾಣುವುದೇ ಇಲ್ಲ. ಮೊಳೆಗೆ ಲೇಪ ಹತ್ತಿ, ನೀಲಿಯೂ ಮಾಸಿ, ಹಸಿರು ಮಾತ್ರ ಬಾರದೆ ನೀರು ಬಣ್ಣಗೆಟ್ಟು ನಿಂತರೆ ಅದು ಸತುವಿನ ಲೇಪದ ಮೊಳೆ. ಕಬ್ಬಿಣಕ್ಕಿಂತ ಮೊದಲು ಸತು ಕ್ರಿಯೆಗೆ ಇಳಿದಿದೆ, ಜಿಂಕ್ ಸಲ್ಫೇಟಿಗೆ ಬಣ್ಣವಿಲ್ಲ. ಆ 'ತಪ್ಪಿದ' ಪ್ರಯೋಗವನ್ನು ಚೆಲ್ಲಬೇಡಿ, ಕ್ರಿಯಾಶೀಲತೆ ಸರಣಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ತೋಟಕ್ಕೆ ಮರಳಿದರೆ, ತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲೋ ಜಿಐ (ಸತುವಿನ ಲೇಪದ ಕಬ್ಬಿಣದ) ಬಕೆಟ್ಟಿನಲ್ಲೋ ಏಕೆ ಕರಗಿಸಬಾರದು ಎಂಬುದಕ್ಕೆ ಬೇರೆ ವಿವರಣೆ ಬೇಡ. ರಾತ್ರಿಯಿಡೀ ಬಕೆಟ್ಟು ಕರಗುತ್ತಿರುತ್ತದೆ, ದುಡ್ಡು ಕೊಟ್ಟು ತಂದ ತಾಮ್ರ ಅದರ ಒಳಮೈಗೆ ಅಂಟುತ್ತಿರುತ್ತದೆ. ಬೆಳಿಗ್ಗೆ ಉಳಿದ ದ್ರಾವಣದಲ್ಲಿ ತಾಮ್ರ ಎಷ್ಟೆಂದು ಹೇಳಲಾಗದು. ಅಲ್ಯೂಮಿನಿಯಂ ಇನ್ನೂ ಕಷ್ಟದ ಪಾತ್ರೆ. ಮೇಲಿನ ಆಕ್ಸೈಡ್ ಪೊರೆ ತುತ್ತವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ನೀರಿನಲ್ಲಿ ಉಪ್ಪಿನಂಶ ಇದ್ದರೆ ಆ ಪೊರೆಯೂ ಬೇಗ ಸೋಲುತ್ತದೆ. ಸುಣ್ಣದ ಕ್ಷಾರವಂತೂ ಪೊರೆಯನ್ನೇ ಕರಗಿಸಿ ಲೋಹಕ್ಕೆ ಕೈಹಾಕಿ ಹೈಡ್ರೋಜನ್ ಬಿಡಿಸುತ್ತದೆ. ಪ್ಲಾಸ್ಟಿಕ್, ಮರ, ಮಣ್ಣಿನ ಪಾತ್ರೆ ಆಗಬಹುದು. ತಾಮ್ರದ ಹಂಡೆಯೂ ಆದೀತು. ತಾಮ್ರ ತಾಮ್ರವನ್ನು ತಳ್ಳುವುದಿಲ್ಲ.

ಚಾಕುವಿನ ಪರೀಕ್ಷೆ ಸುಣ್ಣ ಕಡಿಮೆಯಾದದ್ದನ್ನು ಹಿಡಿಯುತ್ತದೆ, ಹೆಚ್ಚಾದದ್ದನ್ನು ಹಿಡಿಯುವುದಿಲ್ಲ. ಅದಕ್ಕೆ ಲಿಟ್ಮಸ್ ಅಥವಾ ಪಿಎಚ್ ಕಾಗದ ಬೇಕು. ತಟಸ್ಥ ಅಥವಾ ತುಸು ಕ್ಷಾರ ಕಡೆಗಿದ್ದರೆ ಸರಿ. ಕೆಂಪು ಲಿಟ್ಮಸ್ ನಿಧಾನವಾಗಿ ನೀಲಿಯಾಗಬಹುದು. ನೀಲಿ ಲಿಟ್ಮಸ್ ಕೆಂಪಾದರೆ ಸಿಂಪಡಿಸಬೇಡಿ.

ಕಲಸಿದ ಬೋರ್ಡೋವನ್ನು ಅಂದೇ ಮುಗಿಸಬೇಕು. ನಿಂತಷ್ಟೂ ಲೋಳೆ ಒರಟಾಗುತ್ತ ಅಂಟುವ ಗುಣ ಕಳೆದುಕೊಳ್ಳುತ್ತದೆ. ತುತ್ತದ ನೀರು ಮತ್ತು ಸುಣ್ಣದ ಹಾಲನ್ನು ಬೇರೆ ಬೇರೆಯಾಗಿ, ಮುಚ್ಚಿ ಇಟ್ಟುಕೊಂಡರೆ ಕೆಡುವುದಿಲ್ಲ, ಮಳೆ ಬಿಡುವು ಕೊಟ್ಟಾಗ ಬೇಕಾದಷ್ಟೇ ಬೆರೆಸಿಕೊಳ್ಳಬಹುದು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು, ಮಳೆ ಎಳೆದರೆ ಮೂರನೆಯದು; ಗೊನೆ ಪೂರ್ತಿ ತೋಯಬೇಕು. ಕಡಿದ ಗಾಯಕ್ಕೆ ಬಳಿಯುವ ಮುಲಾಮಿಗೆ ಅದೇ ಒಂದೊಂದು ಕೆಜಿಗೆ ನೀರು ಮಾತ್ರ 10 ಲೀಟರ್.

ಕೆಲಸ ಮುಗಿದ ಮೇಲೆ ಸ್ಪ್ರೇಯರನ್ನು ಆಗಲೇ ನೀರಿನಿಂದ ತೊಳೆಯಿರಿ. ಒಣಗಿ ಕಟ್ಟಿದ ನೀಲಿ-ಬಿಳಿ ಗಸಿಗೆ ನೀರು ಸಾಲದು, ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟರೆ ಬಿಡುತ್ತದೆ: ಹೈಡ್ರಾಕ್ಸೈಡಿನದು ತಟಸ್ಥೀಕರಣ, ಕಾರ್ಬೊನೇಟಿನದು ನೊರೆ. ಆದರೆ ಹಾಗೆ ಬಿಟ್ಟಾಗ ಹಿಡಿದಿಟ್ಟ ತಾಮ್ರ ಮತ್ತೆ ಕರಗಿದ ಅಯಾನು ಆಗಿರುತ್ತದೆ. ಆ ನೀರು ಪಂಪಿನ ಕಬ್ಬಿಣದ ಭಾಗಗಳಲ್ಲಿ ನಿಂತರೆ ಚಾಕುವಿನ ಮೇಲೆ ಆದದ್ದೇ ಅಲ್ಲೂ ಆಗುತ್ತದೆ. ತೋಡಿಗೋ ಕೆರೆಗೋ ಹರಿಸಿದರೆ ಮೀನು ಸಾಯುತ್ತವೆ. ಉಳಿದ ಸುಣ್ಣದ ಹಾಲನ್ನು ಅದಕ್ಕೆ ಸುರಿದು ತಾಮ್ರವನ್ನು ಮತ್ತೆ ನೀಲಿ ಗಸಿಯಾಗಿ ಕೂರಿಸಿ, ನೀರಿನ ಒರತೆಯಿಂದ ದೂರ ಗುಂಡಿ ತೋಡಿ ಮುಚ್ಚಿ.